ಮನೆ ಹತ್ತಿರದ ಅಳಿವೆಗೆ ಯಾವ ಗಾಳ? ಕೈದಾರ, ಕೋಲು, ರೀಲು, ಬೀಸುಬಲೆಗಳ ಹೋಲಿಕೆ

ಮಂಗಳೂರಿನ ಪಶ್ಚಿಮದ ಅಂಚಿನಲ್ಲಿ ಹರಿಯುವ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಕಡಲಿನ ಪಕ್ಕಕ್ಕೆ ಬಂದರೂ ಕೂಡಲೇ ಕಡಲನ್ನು ಸೇರುವುದಿಲ್ಲ. ತಣ್ಣೀರುಬಾವಿಯಿಂದ ಬೆಂಗ್ರೆಯವರೆಗೆ ಚಾಚಿಕೊಂಡ ಮರಳಿನ ದಿಣ್ಣೆ ಅಡ್ಡವಾಗಿರುವುದರಿಂದ ಅದು ದಕ್ಷಿಣಕ್ಕೆ ತಿರುಗಿ, ಕೂಳೂರು, ಸುಲ್ತಾನ್ ಬತ್ತೇರಿ, ಹಳೆ ಬಂದರುಗಳ ಮುಂದೆ ಹಾದು, ಪೂರ್ವದಿಂದ ಬರುವ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಿನಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಹೀಗಾಗಿ ನಗರದ ಎಷ್ಟೋ ಮನೆಗಳಿಗೆ ಹತ್ತು ನಿಮಿಷದ ನಡಿಗೆಯ ದೂರದಲ್ಲಿ ಉಪ್ಪುನೀರು ಸಿಗುತ್ತದೆ. ಆ ನೀರಿನಲ್ಲಿ ಕಾಣೆ, ಕೆಂಬೇರಿ, ತೇಡೆ ಮೀನುಗಳು ಇರುತ್ತವೆ.

ರಜೆಯ ಬೆಳಿಗ್ಗೆ ಅಲ್ಲಿ ಎರಡು ಗಂಟೆ ಗಾಳ ಹಾಕಿ ಕೂರಬೇಕೆಂದು ಆಸೆಪಟ್ಟವರು ನನ್ನನ್ನು ಮೊದಲು ಕೇಳುವುದು ಯಾವ ರೀಲು ಒಳ್ಳೆಯದು ಎಂದು. ಈ ಪ್ರಶ್ನೆ ನನಗೆ ತಲೆಕೆಳಗಾಗಿ ಕಾಣುತ್ತದೆ. ಹದಿನೈದು ವರ್ಷಗಳಲ್ಲಿ ನಾನು ಈ ದಂಡೆಯ ಮೇಲೆ ಕಂಡಂತೆ, ದುಬಾರಿ ರಾಡು ಹಿಡಿದು ಬಂದು ಬರಿಗೈಯಲ್ಲಿ ಮರಳಿದವರು ಅನೇಕರು, ಹಳೆಯ ನೀರಿನ ಬಾಟಲಿಗೆ ದಾರ ಸುತ್ತಿಕೊಂಡು ಬಂದು ರಾತ್ರಿಯ ಸಾರಿಗೆ ಸಾಕಾಗುವಷ್ಟು ಕಾಣೆ ಒಯ್ದವರೂ ಅನೇಕರು. ಉಪಕರಣ ಮುಖ್ಯವಲ್ಲ ಎಂದು ಇದರ ಅರ್ಥವಲ್ಲ. ನೀವು ನಿಲ್ಲುವ ಜಾಗಕ್ಕೂ ನೀವು ಹೋಗುವ ಹೊತ್ತಿಗೂ ಹೊಂದುವ ಉಪಕರಣ ಯಾವುದೆಂದು ಮೊದಲು ಗೊತ್ತಾಗಬೇಕು, ಅಷ್ಟೇ.

ಆಯ್ಕೆಗೆ ಮುನ್ನ ನೋಡಬೇಕಾದದ್ದು

ಮೊದಲನೆಯದು ನಿಲ್ಲುವ ಜಾಗ. ನಗರದ ನೀರಂಚು ಒಂದೇ ಬಗೆಯದಲ್ಲ. ಸುಲ್ತಾನ್ ಬತ್ತೇರಿಯಂಥ ಕಡೆ ಕಲ್ಲು ಕಟ್ಟಿದ ದಂಡೆಯಿದ್ದು ಕಾಲಬುಡದಲ್ಲೇ ಆಳವಿರುತ್ತದೆ. ಬೆಂಗ್ರೆ, ತಣ್ಣೀರುಬಾವಿಗಳ ಹೊಳೆಯ ಮಗ್ಗುಲಲ್ಲಿ ತೆರೆದ ಹೊಯ್ಗೆಯ, ಅಂದರೆ ಮರಳಿನ, ದಂಡೆ ಮೆಲ್ಲನೆ ನೀರಿಗೆ ಇಳಿಯುತ್ತದೆ. ಊರೊಳಗಿನಿಂದ ಬಂದು ಹೊಳೆ ಸೇರುವ ತೋಡುಗಳಲ್ಲಿ ಎರಡೂ ಬದಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬಾಗಿಕೊಂಡು, ತಲೆಯ ಮೇಲೆ ಕೈ ಬೀಸಲೂ ಎಡೆಯಿರುವುದಿಲ್ಲ. ಈ ಮೂರರಲ್ಲಿ ನಿಮ್ಮ ಮನೆಗೆ ಹತ್ತಿರದ್ದು ಯಾವುದೋ, ನಿಮ್ಮ ಅರ್ಧ ಆಯ್ಕೆ ಅಲ್ಲಿಗೇ ತೀರ್ಮಾನವಾದಂತೆ.

ಎರಡನೆಯದು ನೀರಿನ ಹೊತ್ತು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಅವೂ ಒಂದಕ್ಕೊಂದು ಸಮನಲ್ಲ. ಪ್ರತಿದಿನ ಅವು ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಮೀನುಗಾರರು ಇಂದಿಗೂ ತಿಥಿ ನೋಡಿ ಹೊರಡುವುದು ಇದಕ್ಕಾಗಿಯೇ. ಗಾಳ ಹಾಕುವವನಿಗೆ ಬೇಕಾದದ್ದು ಹರಿಯುವ ನೀರು. ನೀರು ತುಂಬಿ ನಿಂತಾಗಲೂ ಇಳಿದು ನಿಂತಾಗಲೂ ಮೀನು ಕಚ್ಚುವುದು ಕಡಿಮೆ. ಉಬ್ಬರದ ಕೊನೆಯ ಒಂದೂವರೆ ಗಂಟೆ, ಇಳಿತದ ಮೊದಲ ಎರಡು ಗಂಟೆ ಇವೇ ಉತ್ತಮ, ಏಕೆಂದರೆ ಇಳಿಯುವ ನೀರು ತೋಡುಗಳೊಳಗಿನ ಸಣ್ಣ ಸಿಗಡಿಯನ್ನೂ ಮರಿಮೀನನ್ನೂ ಎಳೆದು ತರುವಾಗ ತೋಡಿನ ಬಾಯಲ್ಲಿ ದೊಡ್ಡ ಮೀನು ಕಾದಿರುತ್ತದೆ. ನಿಮಗೆ ಬಿಡುವಿರುವುದು ಭಾನುವಾರ ಬೆಳಿಗ್ಗೆ ಮಾತ್ರವಾದರೆ, ತಿಂಗಳಿಗೆ ನಾಲ್ಕು ಭಾನುವಾರಗಳಲ್ಲಿ ಎರಡೇ ನಿಮಗೆ ಒದಗುತ್ತವೆ ಎಂದು ಲೆಕ್ಕ ಹಾಕಿಕೊಂಡು ಅದಕ್ಕೆ ತಕ್ಕಷ್ಟೇ ಹಣ ಹಾಕುವುದು ಜಾಣತನ.

ಮೂರನೆಯದು ಉದ್ದೇಶ: ಅಡುಗೆಮನೆಗೆ ಮೀನು ಬೇಕೇ, ಹಿಡಿದು ಬಿಡುವ ಆಟ ಬೇಕೇ, ಮಕ್ಕಳನ್ನು ಕರೆದುಕೊಂಡು ಹೋಗಬೇಕೇ? ಹಣದ ಮಾತು ಕೊನೆಯದು. ಹೊಳೆಯಲ್ಲಿ ಚೆಲ್ಲಿದರೂ ಅಳೆದು ಚೆಲ್ಲಬೇಕೆಂಬ ಗಾದೆ ಈ ಹವ್ಯಾಸಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಕಲ್ಲಿಗೆ ಸಿಕ್ಕಿ ಕಡಿದುಹೋಗುವ ದಾರ, ಗಾಳ, ಸೀಸದ ಗುಂಡುಗಳೆಲ್ಲ ಹೊಳೆಯ ಪಾಲೇ.

ಕೈದಾರ

ನೈಲಾನ್ ದಾರ, ಒಂದು ಸೀಸದ ಗುಂಡು, ಒಂದೋ ಎರಡೋ ಗಾಳ, ಸುತ್ತಲು ಬಾಟಲಿ ಅಥವಾ ಮರದ ತುಂಡು, ಕೈದಾರವೆಂದರೆ ಇಷ್ಟೇ. ಎಲ್ಲ ಸೇರಿ ಸುಮಾರು ಇನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಇದನ್ನು ಬಡವನ ಉಪಕರಣವೆಂದು ತಾತ್ಸಾರ ಮಾಡುವವರು ಕಾಣೆ ಹಿಡಿದು ನೋಡಿರುವುದಿಲ್ಲ. ಕಾಣೆ ಹೊಯ್ಗೆಯ ತಳದಲ್ಲಿ ಓಡಾಡುವ, ಬೆದರಿದರೆ ಹೊಯ್ಗೆಯೊಳಗೇ ಹೂತುಕೊಳ್ಳುವ ಮೀನು. ಅದರ ಬಾಯಿ ಚಿಕ್ಕದು, ಕಚ್ಚುವುದು ಹಗುರ, ಎರಡು ಸಣ್ಣ ತಟ್ಟು ಕೊಟ್ಟಂತೆ. ದಾರ ನೇರವಾಗಿ ತೋರುಬೆರಳಿನ ಮೇಲಿದ್ದರೆ ಆ ತಟ್ಟು ತಿಳಿಯುತ್ತದೆ. ಅಗ್ಗದ ಗಡುಸು ರಾಡಿನ ತುದಿಯಲ್ಲಿ ತಿಳಿಯುವುದಿಲ್ಲ. ಎಂಟನೆಯ ನಂಬರಿನ ಗಾಳಕ್ಕೆ ಸುಲಿದ ಸಿಗಡಿಯ ಸಣ್ಣ ಚೂರನ್ನು ಸಿಕ್ಕಿಸಿ, ಗುಂಡು ತಳ ಮುಟ್ಟಿದ ಮೇಲೆ ಆಗಾಗ ಒಂದು ಗೇಣು ಎಳೆದುಕೊಳ್ಳುತ್ತಿದ್ದರೆ ಸಾಕು.

ಗಾಳದ ನಂಬರಿನ ಬಗ್ಗೆ ಒಂದು ಮಾತು, ಏಕೆಂದರೆ ಹೊಸಬರು ಇಲ್ಲಿ ಖಂಡಿತ ಎಡವುತ್ತಾರೆ. ಬರಿಯ ಅಂಕಿಯಿದ್ದಾಗ ಅಂಕಿ ಹೆಚ್ಚಿದಷ್ಟೂ ಗಾಳ ಚಿಕ್ಕದು: ಹತ್ತಕ್ಕಿಂತ ಆರು ದೊಡ್ಡದು. ಅಂಕಿಯ ಮುಂದೆ ಓರೆಗೆರೆ, ಸೊನ್ನೆ ಬಂದರೆ ಲೆಕ್ಕ ತಿರುಗುತ್ತದೆ: 1/0ಕ್ಕಿಂತ 3/0 ದೊಡ್ಡದು.

ಕೈದಾರದ ಕೊರತೆಗಳೂ ಸ್ಪಷ್ಟ. ಪಳಗಿದ ಕೈಯಾದರೂ ಇಪ್ಪತ್ತು ಇಪ್ಪತ್ತೈದು ಮೀಟರಿಗಿಂತ ಆಚೆಗೆ ಎಸೆಯುವುದು ಕಷ್ಟ. ತೆಳು ದಾರ ಬೆರಳನ್ನು ಕೊಯ್ಯುತ್ತದೆ; ಆದ್ದರಿಂದ ರೀಲಿಗೆ 0.30 ಮಿಲಿಮೀಟರಿನ ದಾರ ಸಾಕಾಗುವಲ್ಲಿ ಕೈದಾರಕ್ಕೆ 0.40 ಅಥವಾ 0.50ರದ್ದು ಬೇಕು, ತಿಳಿನೀರಿನಲ್ಲಿ ಅದು ಮೀನಿಗೆ ಕಾಣಿಸುತ್ತದೆ. ಎರಡು ಕಿಲೋ ಮೀರಿದ ಕೆಂಬೇರಿ ಸಿಕ್ಕಿದರೆ ದಾರ ಬಿಟ್ಟುಕೊಡುವುದೂ ಎಳೆಯುವುದೂ ನಿಮ್ಮ ಅಂಗೈಯೇ. ಹತ್ತಿಯ ಕೈಗವಸು ಇಲ್ಲದಿದ್ದರೆ ಒಂದು ವಾರ ಅನ್ನ ಕಲಸಲು ತೊಂದರೆ. ಕಟ್ಟಿದ ದಂಡೆ ಅಥವಾ ಜೆಟ್ಟಿಯಿಂದ, ಕಾಲಬುಡದ ಆಳಕ್ಕೆ ಇಳಿಬಿಡುವವರಿಗೆ ಇವಾವುವೂ ದೊಡ್ಡ ಕೊರತೆಗಳಲ್ಲ. ತೆರೆದ ಹೊಯ್ಗೆಯಲ್ಲಿ ಮಾತ್ರ ಕೈದಾರದವನು ಮೊಣಕಾಲು ನೀರಿಗೆ ಇಳಿಯಬೇಕಾಗುತ್ತದೆ, ಆಗ ತೊರಕೆ ಎಂಬ ಚಪ್ಪಟೆ ಮೀನಿನ ಭಯವಿದೆ: ಹೊಯ್ಗೆಯಲ್ಲಿ ಮಲಗಿದ ತೊರಕೆಯನ್ನು ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಹೆಜ್ಜೆ ಎತ್ತಿ ಇಡದೆ ಪಾದವನ್ನು ನೆಲದ ಮೇಲೆ ಎಳೆಯುತ್ತ ನಡೆದರೆ ಅದು ಮೊದಲೇ ಸರಿದುಹೋಗುತ್ತದೆ.

ಕೋಲು ಮತ್ತು ಬೆಂಡು

ತೋಡಿನಂಚಿನ ಮನೆಯವರಿಗೆ, ಮಕ್ಕಳ ಜೊತೆ ಹೋಗುವವರಿಗೆ ನಾನು ಬೇರೆ ಯೋಚನೆಯಿಲ್ಲದೆ ಸೂಚಿಸುವುದು ರೀಲಿಲ್ಲದ ಕೋಲು. ಬಿದಿರಿನದ್ದಾದರೆ ಹೆಚ್ಚುಕಡಿಮೆ ಖರ್ಚೇ ಇಲ್ಲ. ಒಂದರೊಳಗೊಂದು ಸೇರುವ ಫೈಬರ್ ಕೋಲು ಸುಮಾರು ಐನೂರರಿಂದ ಸಾವಿರ ರೂಪಾಯಿಗೆ ಸಿಗುತ್ತದೆ, ಬಸ್ಸಿನಲ್ಲೂ ಸ್ಕೂಟರಿನಲ್ಲೂ ಒಯ್ಯಬಹುದು. ಹನ್ನೆರಡು ಹದಿನಾಲ್ಕು ಅಡಿ ಉದ್ದದ ಕೋಲು, ಅಷ್ಟೇ ಉದ್ದದ ದಾರ, ಮೇಲೆ ತೇಲುವ ಬೆಂಡು, ಕೆಳಗೆ ಹತ್ತನೆಯ ನಂಬರಿನ ಗಾಳ. ಎಸೆಯುವ ಕೆಲಸವೇ ಇಲ್ಲ. ಗಿಡದ ಕೊಂಬೆಯ ಕೆಳಗೆ, ಬೇರಿನ ಪಕ್ಕದಲ್ಲಿ, ಬೇಕಾದ ಗೇಣಗಲ ಜಾಗಕ್ಕೇ ಗಾಳವನ್ನು ಇಳಿಸಬಹುದು. ಕೇರಳದವರು ಕರಿಮೀನು ಎನ್ನುವ ಅಗಲ ಮೈಯ ಮೀನು ಇಂಥ ಬೇರುಗಳ ನಡುವೆಯೇ ಇರುತ್ತದೆ, ಎರೆಹುಳುವಿಗೂ ಗೋಧಿಹಿಟ್ಟಿನ ಉಂಡೆಗೂ ಬರುತ್ತದೆ. ಬೆಂಡು ಮುಳುಗುವುದನ್ನು ಕಣ್ಣಿನಿಂದ ಕಾಣಬಹುದಾದ್ದರಿಂದ ಏಳೆಂಟು ವರ್ಷದ ಮಗುವಿಗೂ ಬೇಸರವಾಗುವುದಿಲ್ಲ.

ಇದರ ಮಿತಿ ಎಂದರೆ, ಕೋಲು ಮುಟ್ಟುವ ದೂರವೇ ನಿಮ್ಮ ಲೋಕ. ಉಬ್ಬರದಲ್ಲಿ ಮೀನು ದಂಡೆಗೆ ಬರುವವರೆಗೆ ಕಾಯಬೇಕು, ಇಳಿತದಲ್ಲಿ ನೀರು ಹಿಂದೆ ಸರಿದರೆ ಅಂದಿನ ಆಟ ಮುಗಿಯಿತು. ದೊಡ್ಡ ಮೀನು ಸಿಕ್ಕಿದರೆ ಬಿಟ್ಟುಕೊಡಲು ದಾರವಿಲ್ಲದ ಕಾರಣ ಕಡಿದುಹೋಗುತ್ತದೆ. ಅದನ್ನು ನಷ್ಟವೆಂದು ಭಾವಿಸುವವರು ಮುಂದಿನ ಭಾಗ ಓದಬೇಕು.

ರಾಡು ಮತ್ತು ರೀಲು

ಅಂಗಡಿಯವರು ಮೊದಲು ತೋರಿಸುವುದು ಇದನ್ನೇ. ರಾಡು ರೀಲು ಎರಡೂ ಸೇರಿದ ಅಗ್ಗದ ಜೋಡಿ ಸುಮಾರು ಒಂದೂವರೆ ಎರಡು ಸಾವಿರಕ್ಕೆ ಸಿಗುತ್ತದೆ, ನಂಬಬಹುದಾದದ್ದು ನಾಲ್ಕರಿಂದ ಆರು ಸಾವಿರಕ್ಕೆ, ಅದರಾಚೆಗೆ ಮಿತಿಯಿಲ್ಲ. ಇದರಿಂದ ಸಿಗುವ ನಿಜವಾದ ಲಾಭ ಮೂರು: ಐವತ್ತು ಅರವತ್ತು ಮೀಟರು ದೂರ ಎಸೆಯಬಹುದು, ತೆಳು ದಾರದಲ್ಲೇ ದೊಡ್ಡ ಮೀನನ್ನು ದಣಿಸಿ ತರಬಹುದು, ಕೃತಕ ಮೀನನ್ನು ಎಳೆಯುತ್ತ ಆಡಬಹುದು. ತೆರೆದ ಹೊಯ್ಗೆಯ ದಂಡೆ ಹತ್ತಿರವಿದ್ದವರಿಗೆ ಮೊದಲ ಲಾಭವೊಂದಕ್ಕೇ ಹಣ ಸಾರ್ಥಕ, ಏಕೆಂದರೆ ಅಲ್ಲಿ ಮೀನು ಓಡಾಡುವ ಆಳದ ಸೆರಗು ದಂಡೆಯಿಂದ ದೂರದಲ್ಲಿರುತ್ತದೆ. ಸೇತುವೆಯ ಕಂಬ, ಕಲ್ಲಿನ ರಾಶಿಗಳ ಬಳಿ ಸಂಜೆಗೆ ಕೆಂಬೇರಿಯನ್ನೋ, ಮಾರುಕಟ್ಟೆಯಲ್ಲಿ ಭೆಟ್ಕಿ ಎಂದೂ ಕರೆಯುವ ಬಾರಮುಂಡಿಯನ್ನೋ ಅರಸುವವರಿಗೆ ಎರಡನೆಯ ಲಾಭ ಬೇಕೇಬೇಕು. ಕೆಂಬೇರಿ ಕಚ್ಚಿದ ಕೂಡಲೇ ಬಿಲಕ್ಕೆ ನುಗ್ಗುವ ಮೀನು, ಮೊದಲ ಮೂರು ಸೆಕೆಂಡಿನಲ್ಲಿ ತಡೆಯದಿದ್ದರೆ ದಾರ ಕಲ್ಲಿಗೆ ಉಜ್ಜಿ ಹೋಗುತ್ತದೆ.

ನಮ್ಮ ಅಳಿವೆಗೆ ಏಳೂವರೆಯಿಂದ ಒಂಬತ್ತು ಅಡಿಯ ರಾಡು, 3000 ಅಥವಾ 4000 ಅಳತೆಯ ರೀಲು ಸಾಕು. ಹನ್ನೆರಡು ಅಡಿಯ ಭಾರಿ ರಾಡು ತೆರೆದ ಕಡಲಿಗೆ ಸರಿ, ಹೊಳೆಯಂಚಿನಲ್ಲಿ ಅದು ತೋಳನೋವಿಗೆ ದಾರಿ. ಹಣ ಸೀಮಿತವಾಗಿದ್ದರೆ ರಾಡಿಗಿಂತ ರೀಲಿಗೆ ಹೆಚ್ಚು ಹಾಕಿ. ಉಪ್ಪುನೀರು ಮೊದಲು ಕೊಲ್ಲುವುದು ರೀಲನ್ನೇ. ನನ್ನ ಮೊದಲ ರೀಲು, ನಗರದ ಅಂಗಡಿಯೊಂದರಲ್ಲಿ ತುಕ್ಕು ಹಿಡಿಯುವುದೇ ಇಲ್ಲ ಎಂಬ ಭರವಸೆಯ ಮೇಲೆ ಕೊಂಡದ್ದು, ನಾಲ್ಕನೆಯ ತಿಂಗಳಿಗೆ ಕಾಫಿಬೀಜ ಪುಡಿಮಾಡುವ ಸದ್ದು ಮಾಡತೊಡಗಿತು. ತಪ್ಪು ಅಂಗಡಿಯವರದ್ದಷ್ಟೇ ಅಲ್ಲ: ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಹಗುರವಾಗಿ ತೊಳೆದು ನೆರಳಿನಲ್ಲಿ ಒಣಗಿಸಬೇಕೆಂದು ನನಗೂ ಗೊತ್ತಿರಲಿಲ್ಲ. ಪ್ರತಿ ಸಲ ಹತ್ತು ನಿಮಿಷದ ಈ ಕೆಲಸ ಮಾಡಲಾರೆ ಎನ್ನುವವರು ರೀಲಿನ ಯೋಚನೆ ಬಿಡುವುದು ಲೇಸು.

ಒಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಿಂಚು ಸಾಮಾನ್ಯ, ಮೀನೂ ಆ ಹೊತ್ತಿಗೆ ಚುರುಕು. ಕಾರ್ಬನ್ ರಾಡು ವಿದ್ಯುತ್ತನ್ನು ಹರಿಸುವ ವಸ್ತು. ದೂರದಲ್ಲಿ ಗುಡುಗು ಕೇಳಿಸಿದರೂ ಅದನ್ನು ಕೆಳಗಿಟ್ಟು ದಂಡೆ ಬಿಡಬೇಕು. ದಂಡೆಯ ಮೇಲೆ ತಂತಿ ಹಾದುಹೋಗುವ ಕಡೆ ಎಸೆಯುವಾಗಲೂ ಇದೇ ಮಾತು. ಹೆದ್ದಾರಿಯ ಸೇತುವೆಗಳ ಮೇಲೆ ನಿಂತು ಗಾಳ ಹಾಕುವವರನ್ನು ಕೂಳೂರಿನಲ್ಲೂ ನೇತ್ರಾವತಿಯಲ್ಲೂ ಕಂಡಿದ್ದೇನೆ. ಬೆನ್ನ ಹಿಂದೆ ಲಾರಿ ಹಾದುಹೋಗುವ ಆ ಜಾಗವನ್ನು ಯಾವ ಉಪಕರಣದವರಿಗೂ ನಾನು ಸೂಚಿಸಲಾರೆ.

ಬೀಸುಬಲೆ ಮತ್ತು ಏಡಿಬಲೆ

ಮನೆಗೆ ಮೀನು ತರುವುದೊಂದೇ ಗುರಿಯಾದರೆ ಬೀಸುಬಲೆಯನ್ನು ಯಾವುದೂ ಮೀರಿಸುವುದಿಲ್ಲ. ಸರಿಯಾಗಿ ಬಿಚ್ಚಿಕೊಂಡ ಒಂದು ಬೀಸಿಗೆ ಬರುವಷ್ಟು ಸಿಗಡಿಯೂ ಸಣ್ಣ ಮೀನೂ ಒಂದಿಡೀ ಬೆಳಗಿನ ಗಾಳಕ್ಕೆ ಬರುವುದಿಲ್ಲ. ಆದರೆ ಅದು ವೃತ್ತಾಕಾರವಾಗಿ ಬಿಚ್ಚಿಕೊಳ್ಳುವಂತೆ ಬೀಸಲು ವಾರಗಟ್ಟಲೆ ಅಭ್ಯಾಸ ಬೇಕು, ಅಂಗಳದಲ್ಲಿ ನಿಂತು ಕಲಿಯಬೇಕು. ಅಂಚಿನ ಸೀಸದ ಭಾರವನ್ನು ಹೊರುವ ಬೆನ್ನು ಬೇಕು. ತಳದಲ್ಲಿ ಕಲ್ಲು, ಮುರಿದ ಮರ, ಪ್ಲಾಸ್ಟಿಕ್ಕು ಇರುವ ನಗರದ ತೋಡಿನಲ್ಲಿ ಹೊಸ ಬಲೆ ಮೊದಲ ದಿನವೇ ಹರಿಯುವುದುಂಟು. ಬಲೆಯ ಕಣ್ಣು ಸಣ್ಣದಾದಷ್ಟೂ ಮರಿಮೀನು ಹೆಚ್ಚು ಸಾಯುತ್ತದೆ. ಅಳಿವೆಯೆಂದರೆ ಕಡಲಿನ ಎಷ್ಟೋ ಮೀನುಗಳ ಮರಿಗಳು ಬೆಳೆಯುವ ತೊಟ್ಟಿಲು ಎಂಬುದನ್ನು ನೆನೆದರೆ ಹವ್ಯಾಸಿಗೆ ಸಣ್ಣ ಕಣ್ಣಿನ ಬಲೆ ಸಲ್ಲದು. ಅದಲ್ಲದೆ, ಅದೇ ನೀರಿನಲ್ಲಿ ಬಲೆ ಬೀಸಿ ಬದುಕುವ ಕುಟುಂಬಗಳಿವೆ. ರಜೆಯ ದಿನ ಬಂದು ಅವರ ಜಾಗದಲ್ಲಿ ಬಲೆ ಬಿಡಿಸುವುದು ನನಗೆ ಒಪ್ಪಿಗೆಯಾಗದ ಸಂಗತಿ. ಗಾಳ ಹಿಡಿದವನನ್ನು ಅವರು ನಗುತ್ತ ಮಾತಾಡಿಸುತ್ತಾರೆ, ಬಲೆ ಹಿಡಿದು ಬಂದ ಅಪರಿಚಿತನನ್ನು ಹಾಗೆ ಮಾತಾಡಿಸಲು ಅವರಿಗೆ ಕಾರಣವಿಲ್ಲ.

ಏಡಿಗೆ ಬೇರೆ ಹಾದಿಯಿದೆ. ಬಳೆಗೆ ಕಟ್ಟಿದ ಸಣ್ಣ ಬಲೆಯ ನಡುವೆ ಭೂತಾಯಿ (ಸಾರ್ಡೀನ್) ಮೀನಿನ ತಲೆಯನ್ನು ಕಟ್ಟಿ ಜೆಟ್ಟಿಯಿಂದ ಇಳಿಸಿ, ಹತ್ತು ನಿಮಿಷಕ್ಕೊಮ್ಮೆ ಎತ್ತಿದರಾಯಿತು. ಕೈದಾರ ಹಾಕಿ ಕೂತವರು ಪಕ್ಕದಲ್ಲಿ ಇದನ್ನೂ ಇಳಿಬಿಡಬಹುದು. ಖರ್ಚು ಇನ್ನೂರು ಮುನ್ನೂರು. ಹೊಟ್ಟೆಯಡಿಯಲ್ಲಿ ಮೊಟ್ಟೆ ಹೊತ್ತ ಏಡಿಯನ್ನು ಬಿಟ್ಟುಬಿಡಿ.

ತಿನ್ನಲು ಹಿಡಿಯುವವರಿಗೆ

ಇಲ್ಲಿ ಉಪಕರಣಕ್ಕಿಂತ ಜಾಗದ ಆಯ್ಕೆ ದೊಡ್ಡದು. ನಗರದ ತೋಡುಗಳಲ್ಲಿ ಮಳೆನೀರಿನೊಂದಿಗೆ ಚರಂಡಿಯ ನೀರೂ ಬರುತ್ತದೆ, ಕೆಲವು ಕಡೆ ಎಣ್ಣೆಯ ಪದರವೂ ತೇಲುತ್ತದೆ. ನೀರು ನಾರುವ, ಮೀನು ಬಾಯಿ ಮೇಲೆತ್ತಿ ಉಸಿರಾಡುವ ತೋಡಿನಲ್ಲಿ ಹಿಡಿದದ್ದನ್ನು ಬಿಟ್ಟುಬರಬೇಕು. ಕೋಲಿನವರಿಗೆ ಇದು ನಿಜವಾದ ತೊಡಕು, ಏಕೆಂದರೆ ಕೋಲಿಗೆ ಒಗ್ಗುವ ಜಾಗಗಳೇ ಕೊಳಕಾಗಿರುವ ಸಂಭವ ಹೆಚ್ಚು. ಉಬ್ಬರದ ಕಡಲ ನೀರು ದಿನಕ್ಕೆರಡು ಸಲ ಹರಿದುಬರುವ ಅಳಿವೆ ಬಾಗಿಲ ಸಮೀಪಕ್ಕೆ ಹೋದಷ್ಟೂ ವಾಸಿ. ಮರುವಾಯಿಯಂಥ ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ರೋಗಾಣುಗಳು ಅವುಗಳಲ್ಲಿ ಸೇರಿಕೊಳ್ಳುತ್ತವೆ. ಚರಂಡಿಯ ಬಾಯಿಯ ಹತ್ತಿರ ಅವನ್ನು ಆಯಲೇಬಾರದು. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸುವ ಪಫರ್ ಮೀನು ಎಷ್ಟೇ ದೊಡ್ಡದಾಗಿ ಸಿಕ್ಕಿದರೂ ವಿಷ. ತೇಡೆಯ ಬೆನ್ನು ಮತ್ತು ಪಕ್ಕದ ಮುಳ್ಳುಗಳು ಚುಚ್ಚಿದರೆ ತಾಳಲಾರದ ನೋವು. ಸಹಿಸಬಹುದಾದಷ್ಟು ಬಿಸಿಯ ನೀರಿನಲ್ಲಿ ಕೈಯಿಟ್ಟುಕೊಂಡರೆ ನೋವು ತಗ್ಗುತ್ತದೆ, ಊತ ಏರಿದರೆ ವೈದ್ಯರ ಬಳಿ ಹೋಗಬೇಕು. ಬಾರಮುಂಡಿ ಗಂಡಾಗಿ ಬೆಳೆದು ಮುಂದೆ ಹೆಣ್ಣಾಗುವ ಮೀನು, ಅಂದರೆ ತೀರ ದೊಡ್ಡವು ಬಹುಮಟ್ಟಿಗೆ ಮೊಟ್ಟೆಯಿಡುವ ಹೆಣ್ಣುಗಳು. ನಡು ಗಾತ್ರದ್ದನ್ನು ಇಟ್ಟುಕೊಂಡು ಅವನ್ನು ಬಿಡುವ ಅಭ್ಯಾಸ ಒಳ್ಳೆಯದು.

ಯಾರಿಗೆ ಯಾವುದು

ತಿಂಗಳಿಗೆ ಎರಡು ಬೆಳಗು ಮಾತ್ರ ಬಿಡುವಿದ್ದು, ಕಟ್ಟಿದ ದಂಡೆ ಅಥವಾ ಜೆಟ್ಟಿ ಹತ್ತಿರವಿರುವವರು ಎರಡು ಕೈದಾರ, ಒಂದು ಏಡಿಬಲೆ, ಒಂದು ಜೊತೆ ಕೈಗವಸು ಕೊಂಡು ನಿಲ್ಲಿಸಲಿ. ಒಂದು ವರ್ಷ ಹೀಗೆ ಕಳೆದ ಮೇಲೂ ಆಸೆ ಇಂಗದಿದ್ದರೆ ಮುಂದಿನ ಮಾತು. ಮಕ್ಕಳಿರುವವರು ಸಾವಿರದೈನೂರಿನಲ್ಲಿ ಎರಡು ಫೈಬರ್ ಕೋಲು ಕೊಳ್ಳಲಿ. ಒಂದೇ ಕೊಂಡರೆ ಅದು ಜಗಳಕ್ಕೆ ಮೂಲ. ನಿವೃತ್ತರಾಗಿ ವಾರಕ್ಕೆ ಮೂರು ನಾಲ್ಕು ದಿನ ಹೋಗಬಲ್ಲವರು, ಹೊಯ್ಗೆಯ ದಂಡೆಯ ಕಡೆಯವರು, ಐದಾರು ಸಾವಿರದ ರಾಡು ರೀಲಿಗೆ ನೇರವಾಗಿ ಹೋಗಬಹುದು, ಆದರೆ ಚೀಲದಲ್ಲಿ ಒಂದು ಕೈದಾರ ಇರಲಿ. ಎರಡು ಸಾವಿರದ ಜೋಡಿಯ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು: ಅದು ಕೈದಾರದ ಸೂಕ್ಷ್ಮವನ್ನೂ ಕೊಡುವುದಿಲ್ಲ, ಒಳ್ಳೆಯ ರೀಲಿನ ಬಾಳಿಕೆಯನ್ನೂ ಕೊಡುವುದಿಲ್ಲ. ಆ ಹಣದಲ್ಲಿ ಕೈದಾರ ಕೊಂಡು, ಉಳಿದದ್ದನ್ನು ಒಳ್ಳೆಯ ರೀಲಿಗಾಗಿ ಕೂಡಿಡುವುದು ಮೇಲು.

ಯಾವುದನ್ನು ಆರಿಸಿದರೂ ಮಳೆಗಾಲದಲ್ಲಿ ಕೊಳ್ಳಲು ಆತುರಪಡಬೇಡಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗಿರುವ ನಿಷೇಧ ದಂಡೆಯ ಗಾಳಕ್ಕಲ್ಲ, ನಿಜ. ಆದರೂ ಆಗ ಹೊಳೆ ಕೆಂಪಾಗಿ ಸೊಕ್ಕಿ ಹರಿಯುತ್ತದೆ, ಉಪ್ಪು ತೊಳೆದುಹೋಗಿ ಕಾಣೆ ಕಣ್ಣಿಗೆ ಬೀಳುವುದಿಲ್ಲ, ಅಳಿವೆಯ ಬಳಿ ನಿಲ್ಲುವುದೇ ಅಪಾಯ. ನವರಾತ್ರಿ ಕಳೆದು ನೀರು ತಿಳಿಯಾದ ಮೇಲೆ, ಒಂದು ದಿನ, ಇಳಿತ ಶುರುವಾಗುವ ಹೊತ್ತಿಗೆ ಬರಿಗೈಯಲ್ಲಿ ನಿಮ್ಮ ಜಾಗಕ್ಕೆ ಹೋಗಿ ಎರಡು ಗಂಟೆ ಕೂತು ಬನ್ನಿ. ನೀರು ಎಲ್ಲಿ ಸುಳಿಯುತ್ತದೆ, ಸಣ್ಣ ಮೀನು ಎಲ್ಲಿ ಚಿಮ್ಮುತ್ತದೆ, ಅಲ್ಲಿಗೆ ದಂಡೆಯಿಂದ ಎಷ್ಟು ಮೀಟರು, ಮೊದಲೇ ಬಂದು ಕೂತವರ ಕೈಯಲ್ಲಿ ಏನಿದೆ ಎಂದು ನೋಡಿಕೊಂಡು, ಆಮೇಲೆ ಅಂಗಡಿಗೆ ಹೋಗಿ.